ಮುದ್ರೆಯಿಲ್ಲದ ಮೂರು ಸಂಚಿಕೆಗಳು

ಅತಿಮಾನುಷ ವೀರರ ಚಿತ್ರಕಥೆಗಳೆಂದರೆ ಬರಿಯ ಹೊಡೆದಾಟವೆಂದು ನಾವು ಬಗೆಯುವುದುಂಟು. ಅವುಗಳ ಚರಿತ್ರೆ ಬೇರೊಂದನ್ನು ಹೇಳುತ್ತದೆ. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ ನೀತಿಸಂಹಿತೆಯಂತೆ ಪ್ರತಿ ಕಥೆಯಲ್ಲಿಯೂ ಒಳಿತೇ ಗೆಲ್ಲಬೇಕಿತ್ತು. ಆದರೆ 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ ಉದಾಸೀನದಿಂದ ಕಳ್ಳನೊಬ್ಬನನ್ನು ಓಡಗೊಟ್ಟನು. ಆ ಕಳ್ಳನೇ ಅವನನ್ನು ಸಾಕಿದ ದೊಡ್ಡಪ್ಪನನ್ನು ಕೊಂದನು. ಬಲವಿದ್ದೂ ಸುಮ್ಮನಿದ್ದ ಪಶ್ಚಾತ್ತಾಪವೇ ಆ ಪಾತ್ರದ ಬೆನ್ನೆಲುಬಾಯಿತು.

1971ರಲ್ಲಿ ಧರ್ಮಸಂಕಟವು ಕಥೆಗಾರನಿಗೇ ಒದಗಿತು. ಮಾದಕ ವಸ್ತುಗಳ ಕೇಡನ್ನು ತಿಳಿಸುವ ಕಥೆಯನ್ನು ಸರ್ಕಾರದ ಆರೋಗ್ಯ ಇಲಾಖೆ ಕೋರಿತು. ಅವುಗಳ ಪ್ರಸ್ತಾಪವೇ ಸಲ್ಲದೆಂದು ಸಂಹಿತೆಯ ಮಂಡಲಿ ಒಪ್ಪಿಗೆ ನಿರಾಕರಿಸಿತು. ಮಾರ್ವೆಲ್ ಸಂಸ್ಥೆ 96ರಿಂದ 98ರವರೆಗಿನ ಸಂಚಿಕೆಗಳನ್ನು ಒಪ್ಪಿಗೆಯ ಮುದ್ರೆಯಿಲ್ಲದೆಯೇ ಹೊರಡಿಸಿತು. ಅದೇ ವರ್ಷ ಸಂಹಿತೆಯು ಸಡಿಲಗೊಂಡಿತು.

ಕೇಡಿನ ಹೆಸರೆತ್ತಲೂ ಅಂಜುವ ನೀತಿಪಾಠ ಮಕ್ಕಳನ್ನು ಕಾಯಲಾರದೆಂಬುದನ್ನು ಪಾಠ ಹೇಳುವ ನಾವು ನೆನೆಯಬೇಕು.