ವೀರಗಲ್ಲಿನ ವಿಮಾನ

ನಮ್ಮ ಹೈಸ್ಕೂಲಿನ ಹಿಂದೆ, ಕೆರೆ ಏರಿಯ ಮೇಲೆ, ಒಂದು ವೀರಗಲ್ಲು ಇದೆ. 2001ರಿಂದ 2004ರವರೆಗೆ ಇಲ್ಲಿ ಓದಿದ ನಮಗೆ ಅದು ಕ್ರಿಕೆಟ್ಟಿನ ವಿಕೆಟ್ಟಾಗಿತ್ತು. ಒಂದು ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರು ಬಂದು ಆಟ ನಿಲ್ಲಿಸಿ, ನಮ್ಮನ್ನೆಲ್ಲ ಕಲ್ಲಿನ ಮುಂದೆ ಕೂರಿಸಿದರು. ಕೆಳಗಿನ ಅಂಕಣದಲ್ಲಿ ಕತ್ತಿ ಗುರಾಣಿ ಹಿಡಿದ ಆಳು, ಪಕ್ಕದಲ್ಲಿ ದನಗಳು. ನಡುವಿನದರಲ್ಲಿ ಅದೇ ಆಳನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಮೇಷ್ಟ್ರು ನಡುವಿನ ಅಂಕಣ ಮುಟ್ಟಿ, “ಇದೇನು ಹೇಳ್ರೋ?” ಎಂದರು. ಯಾರೂ ಬಾಯಿ ಬಿಡಲಿಲ್ಲ. “ವಿಮಾನ ಕಣ್ರೋ” ಎಂದರು. ನಾವು ನಕ್ಕುಬಿಟ್ಟೆವು. ರೆಕ್ಕೆಯೂ ಇಲ್ಲ, ಇಂಜಿನ್ನೂ ಇಲ್ಲ, ಎಂಥಾ ವಿಮಾನ!

ನಮ್ಮ ಪೂರ್ವಿಕರಿಗೆ ವಿಮಾನ ಹಾರಿಸಲು ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಬಿ.ಇ. ಓದಿದವನು ಹಾಗೆ ಹೇಳಿದರೆ ಓದಿದ್ದು ದಂಡ. ಹೇಳಹೊರಟಿದ್ದು ಬೇರೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಊರೂರಲ್ಲಿ ಇಂಥ ಕಲ್ಲುಗಳಿವೆ. ತುರು ಕದಿಯಲು ಬಂದವರನ್ನು ತಡೆದು ಸತ್ತವನಿಗೆ, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ, ಮನೆಯವರೋ ಊರವರೋ ಕಲ್ಲು ನಿಲ್ಲಿಸಿದರು. ಕೆಲವರ ಕುಟುಂಬಕ್ಕೆ ಭೂಮಿಯನ್ನೂ ಬಿಟ್ಟುಕೊಟ್ಟರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಬಿ.ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದವು 1902ರ ಏಳನೇ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ.

ಆ ಎರಡು ಸಂಪುಟಗಳ ನಡುವೆ, 1903ರ ಡಿಸೆಂಬರ್ 17ರಂದು, ಅಮೆರಿಕದ ಕಿಟಿ ಹಾಕ್ ಎಂಬಲ್ಲಿ ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿತು. 12 ಸೆಕೆಂಡು, 120 ಅಡಿ. ನಮ್ಮ ಶಾಲೆಯ ಜಗಲಿಯ ಈ ತುದಿಯಿಂದ ಆ ತುದಿಗೆ ಹೋದಷ್ಟು! ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿಕೊಟ್ಟ ಇಂಜಿನ್ನಿನ ಶಕ್ತಿ ಸುಮಾರು 12 ಅಶ್ವಶಕ್ತಿ. ಇವತ್ತು ನಮ್ಮೂರ ಹುಡುಗರು ಶಿರಾಳಕೊಪ್ಪದ ಸಂತೆಗೆ ಓಡಿಸುವ 150 ಸಿ.ಸಿ. ಬೈಕಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ.

ಎಂಟೇ ವರ್ಷದಲ್ಲಿ ವಿಮಾನ ಯುದ್ಧಕ್ಕೆ ಇಳಿಯಿತು. ನಮ್ಮ ನಾಡಿಗೆ ವಿಮಾನದ ಕೆಲಸ ಬಂದದ್ದೂ ಯುದ್ಧಕಾಲದಲ್ಲೇ. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. 1951ರಲ್ಲಿ ಅಲ್ಲಿ ಎಚ್‌ಟಿ-2 ತರಬೇತಿ ವಿಮಾನ ಹಾರಿತು, 1961ರಲ್ಲಿ ಮಾರುತ್, 2001ರಲ್ಲಿ ಈಗ ತೇಜಸ್ ಎನಿಸಿಕೊಂಡದ್ದು. ನನ್ನ ಆಫೀಸು ಇರುವುದು ಅದೇ ಕಡೆ. ತೇಜಸ್ ಹಾರಿದರೆ ಮೀಟಿಂಗು ಅರ್ಧ ನಿಮಿಷ ನಿಲ್ಲುತ್ತದೆ, ಯಾರ ಮಾತೂ ಕೇಳಿಸುವುದಿಲ್ಲ.

ಆದರೆ ನನ್ನನ್ನು ಮತ್ತೆ ಆ ಕೆರೆ ಏರಿಯ ಕಲ್ಲಿಗೆ ಎಳೆದು ತಂದವರು ಕೊಡಗಿನ ಒಬ್ಬ ಪೈಲಟ್.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರಲ್ಲಿ. 1965ರ ಯುದ್ಧ ಶುರುವಾದಾಗ ಹೊಸಬರಿಗೆ ವಿಮಾನ ಕಲಿಸುವ ಮೇಷ್ಟ್ರಾಗಿದ್ದವರನ್ನು ಪಂಜಾಬಿನ ಆದಂಪುರದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾದ ಮೇಲೆ ದಾಳಿಗೆ 12 ಮಿಸ್ಟೇರ್ ವಿಮಾನಗಳು ಸಿದ್ಧವಾದವು. ಹೋಗಿ ಬರುವುದಕ್ಕೆ ಇಂಧನ ಸಾಲುವುದೇ ಕಷ್ಟ, ಅಷ್ಟು ದೂರ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ತಪ್ಪಿದರೆ ಆ ಜಾಗಕ್ಕೆ ಇರಲಿ ಎಂದು ಇಟ್ಟುಕೊಂಡ ಕಾಯ್ದಿರಿಸಿದ ಪೈಲಟ್ ಅವರು. ಕೊನೆಗೆ ಹೋದರು.

ಅಲ್ಲಿ ಎದುರಾದದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್. ಅಮೆರಿಕದಲ್ಲಿ ಮಾಡಿದ್ದು, ಶಬ್ದದ ಎರಡು ಪಟ್ಟು ವೇಗದ್ದು. ಫ್ರಾನ್ಸಿನ ಮಿಸ್ಟೇರ್ ಶಬ್ದದ ವೇಗ ದಾಟಬೇಕಾದರೆ ಮೇಲಿನಿಂದ ಧುಮುಕಬೇಕಿತ್ತು. ದೇವಯ್ಯನವರ ವಿಮಾನಕ್ಕೆ ಗುಂಡು ಬಿತ್ತು. ಆ ಪೆಟ್ಟಿನಲ್ಲೂ ಅವರು ತಿರುಗಿ ಸೆಣಸಿದರು. ಕೆಳಮಟ್ಟದ ಕಾಳಗದಲ್ಲಿ ಸ್ಟಾರ್‌ಫೈಟರಿನ ಮೋಟು ರೆಕ್ಕೆಗೆ ಬೇಗ ತಿರುಗಲು ಆಗುವುದಿಲ್ಲ. ಸರ್ಕಲ್ಲಿನಲ್ಲಿ ಲಾರಿಯೂ ಸೈಕಲ್ಲೂ ಒಟ್ಟಿಗೆ ತಿರುಗಿದ ಹಾಗೆ, ಸೈಕಲ್ಲು ಒಳಸುತ್ತಿನಲ್ಲೇ ತಿರುಗಿಬಿಡುತ್ತದೆ. ಮಿಸ್ಟೇರಿನ ಗುಂಡು ಸ್ಟಾರ್‌ಫೈಟರಿಗೆ ತಗುಲಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಅವರಿಗೆ ಆಗ 32 ವರ್ಷ, ಈಗಿನ ನನಗಿಂತ ಚಿಕ್ಕವರು.

ಅದೇ ತಿಂಗಳ 22ರಂದು ಜನರಲ್ ಕಾರ್ಯಪ್ಪನವರ ಮಗ, ಪೈಲಟ್ ಕೆ.ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಅವರ ಸುದ್ದಿ ಬೇಗ ತಿಳಿಯಿತು, ಮುಂದೆ ಮನೆಗೂ ಬಂದರು. ದೇವಯ್ಯನವರ ಮನೆಗೆ ಹೋದದ್ದು ಕಾಣೆಯಾಗಿದ್ದಾರೆ ಎಂಬ ಮಾತು ಮಾತ್ರ. ಅವರ ಕಾಳಗವನ್ನು ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಸರ್ವರ್ ಕೆಟ್ಟರೆ ನಾವು ಮೊದಲು ಲಾಗ್ ತೆರೆದು ಓದುತ್ತೇವೆ. ಇಲ್ಲಿ ಲಾಗ್ ಇದ್ದದ್ದು ಎದುರಾಳಿಯ ಕೈಯಲ್ಲಿ.

ಅದು ಹೊರಬರಲು 14 ವರ್ಷ ಹಿಡಿಯಿತು. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರರು 1979ರಲ್ಲಿ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ, ಆ ಬೆಳಿಗ್ಗೆ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಕೆಡವಿದ ವಿವರವಿತ್ತು. ನಮ್ಮವರು ಲೆಕ್ಕ ಹಾಕಿ ನೋಡಿದರು. ಅಂದು ಬಾರದೆ ಉಳಿದ ಮಿಸ್ಟೇರ್ ಯಾವುದು? ಹಾರಿಸಿದವರು ಯಾರು? ಅಂದಿನ ದಾಳಿಯ ಮುಂದಾಳು ಓ.ಪಿ. ತನೇಜಾ ಅವರು ಇದನ್ನು ಬಿಡದೆ ಹಿಂಬಾಲಿಸಿದರು. 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ, ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸ್ವೀಕರಿಸಿದರು. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ಈ ಘಟನೆಯಿಂದ ಪ್ರೇರಿತವಾದ ಹಿಂದಿ ಸಿನಿಮಾ ಕೂಡ 2025ರಲ್ಲಿ ಬಂತು. ಅದರಲ್ಲಿ ನಾಯಕನ ಹೆಸರು ಬದಲಿಸಿದ್ದಾರೆ. ಹೆಸರಿಗಾಗಿ ಅಷ್ಟು ಕಾದವರ ಕಥೆಯಲ್ಲಿ ಹೆಸರನ್ನೇ ಬದಲಿಸಿದ್ದು ನನಗೆ ಸರಿ ಕಾಣಲಿಲ್ಲ.

ಆ ಪ್ರತಿಮೆಯ ಮುಂದೆ ನಿಂತಾಗಲೇ ನನಗೆ ಮೇಷ್ಟ್ರು ತೋರಿಸಿದ ನಡುವಿನ ಅಂಕಣ ನೆನಪಾದದ್ದು. ದನ ಬಿಡಿಸಲು ಹೋಗಿ ಸತ್ತವನನ್ನು ಕಂಡವರು ಪಕ್ಕದಲ್ಲೇ ಇದ್ದರು, ಹೆಸರು ಹೇಳಿ ಕಲ್ಲು ಕೆತ್ತಿಸಿದರು. ಸರ್ಗೋಧಾದಲ್ಲಿ ಕಂಡವನು ವೈರಿ ಒಬ್ಬನೇ, ಅವನ ಕಡೆಯ ಮಾತಿನಿಂದಲೇ ಈ ಕಲ್ಲು ಎದ್ದಿತು.

2023ರಿಂದ ಶಿವಮೊಗ್ಗದ ಸೋಗಾನೆಗೆ ವಿಮಾನ ಬರುತ್ತಿದೆ. ಕಳೆದ ದಸರಾಕ್ಕೆ ಮಗಳನ್ನು ಅದರಲ್ಲೇ ಕರೆತಂದೆ, ಮಾರನೆಯ ದಿನ ಕೆರೆ ಏರಿಗೂ ಕರೆದುಕೊಂಡು ಹೋದೆ. ನಮ್ಮ ವೀರಗಲ್ಲಿನ ಅಕ್ಷರಗಳು ಸವೆದಿವೆ. ಒಂದು ಮೂಲೆ ಮುಕ್ಕಾಗಿದೆ, ಅದರಲ್ಲಿ ನಮ್ಮ ಚೆಂಡಿನ ಪಾಲೂ ಇರಬಹುದು. ಕಲ್ಲು ಕೆರೆಯ ಕಡೆಗೆ ಚೆನ್ನಾಗಿ ವಾಲಿದೆ, ಇನ್ನೆರಡು ಮಳೆಗಾಲ ತಡೆಯುವುದು ಅನುಮಾನ. ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ ಅದನ್ನು ನೆಟ್ಟಗೆ ನಿಲ್ಲಿಸಲು ಸುವರ್ಣ ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದರೆ ಅರ್ಧ ದಿನದ ಕೆಲಸ. ಅರ್ಜಿ ನಾನು ಬರೆದಿಟ್ಟಿದ್ದೇನೆ, ಸಹಿ ಹಾಕುವವರು ಬೇಕು.