ಬುತ್ತಿಯಿಂದ ಡಬ್ಬಿಗೆ: ಮಹಾಕೂಟ ಸೀಮೆಯ ಒಂದು ಊಟದ ಚರಿತ್ರೆ

ಬಾದಾಮಿಯ ಮೂರನೆಯ ಗುಹೆಗೆ ಹೋದವರು ವಿಷ್ಣುವಿನ ದೊಡ್ಡ ಮೂರ್ತಿಗಳನ್ನು ನೋಡಿ ಬರುತ್ತಾರೆ. ಅಲ್ಲೇ ಇರುವ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನದ ಕಡೆ ಗಮನ ಕೊಡುವವರು ಕಡಿಮೆ. ಚಾಲುಕ್ಯ ಮಂಗಲೇಶ ಈ ಗುಹಾಲಯ ಮಾಡಿಸಿದ್ದನ್ನು ಹೇಳುವ ಆ ಶಾಸನದೊಳಗೆ ಒಂದು ಊಟದ ಲೆಕ್ಕವೂ ಇದೆ. ನಾರಾಯಣಬಲಿಗೆಂದು ಒಂದು ಊರನ್ನು ಬಿಟ್ಟುಕೊಟ್ಟು, ಅದರ ಹುಟ್ಟುವಳಿಯಿಂದ ದಿನವೂ ಹದಿನಾರು ಬ್ರಾಹ್ಮಣರಿಗೆ ಸತ್ರದ ಊಟ, ಉಳಿದದ್ದು ಪರಿವ್ರಾಜಕರಿಗೆ ಎಂದು ಅದು ನಿಗದಿ ಮಾಡುತ್ತದೆ. ಮಹಾಕೂಟದಲ್ಲಿದ್ದು ಈಗ ವಿಜಯಪುರದ ವಸ್ತುಸಂಗ್ರಹಾಲಯ ಸೇರಿರುವ ಮಂಗಲೇಶನ ಧರ್ಮಜಯಸ್ತಂಭವೂ ದೇವರಿಗೆ ಹತ್ತು ಊರುಗಳ ದತ್ತಿಯನ್ನು ಹೇಳುತ್ತದೆ.

ಶಾಸನಗಳು ಕೊಟ್ಟವರ ಅನ್ನವನ್ನು ದಾಖಲಿಸುತ್ತವೆ, ಕಟ್ಟಿಕೊಂಡು ಬಂದವರ ಅನ್ನವನ್ನಲ್ಲ. ಆ ಕೆಂಪು ಮರಳುಗಲ್ಲನ್ನು ಕಡಿದವರು, ಹೊತ್ತವರು, ಗುಡ್ಡ ಹತ್ತಿಳಿದು ಮಹಾಕೂಟಕ್ಕೆ ನಡೆದು ಬಂದವರು ಮಧ್ಯಾಹ್ನಕ್ಕೆ ಏನು ಉಂಡರು? ಕಲ್ಲಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರದ ಚೂರುಗಳು ಮಾತಿನಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಉಳಿದಿವೆ. ಇಂದು ಆಫೀಸಿನ ಊಟದ ಡಬ್ಬಿಯನ್ನು ಆರೋಗ್ಯಕರವಾಗಿ, ರುಚಿಯಾಗಿ ಮಾಡಿಕೊಳ್ಳುವುದು ಹೇಗೆ ಎಂದು ಹುಡುಕುತ್ತಿರುವ ನಾವು ಆ ಚೂರುಗಳನ್ನು ಒಮ್ಮೆ ಕೂಡಿಸಿ ನೋಡಬೇಕು.

ಮೊದಲು ಮಾತು. ‘ಬುತ್ತಿ’ ಸಂಸ್ಕೃತದ ‘ಭುಕ್ತಿ’ಯ ತದ್ಭವ. ಭುಕ್ತಿ ಎಂದರೆ ಉಣ್ಣುವುದು, ಅನುಭವಿಸುವುದು. ಕನ್ನಡಕ್ಕೆ ಬಂದ ಮೇಲೆ ಅದು ದಾರಿಗೆ ಕಟ್ಟಿಕೊಂಡ ಊಟವಾಯಿತು. ಮೊಸರು ಕಲಸಿದ ಅನ್ನಕ್ಕೂ ಅದೇ ಹೆಸರು ನಿಂತಿತು. ‘ಕಟ್ಟೋಗರ’ ಎಂಬ ಇನ್ನೊಂದು ಹಳೆಯ ಮಾತಿದೆ: ಓಗರ ಎಂದರೆ ಅನ್ನ, ಕಟ್ಟಿದ ಓಗರ ಕಟ್ಟೋಗರ. ಎರಡರಲ್ಲೂ ನಡಿಗೆ ಇದೆ, ದುಡಿಮೆ ಇದೆ. ಮನೆಯ ಒಲೆಯಿಂದ ದೂರ ಹೋಗಲೇಬೇಕಾದವರ ಊಟ ಇದು.

ಇನ್ನು ಬುತ್ತಿಯ ಒಳಗಿನದು. ಮಲಪ್ರಭೆಯ ಈ ಸೀಮೆಯ ಬುತ್ತಿ ಎಂದಕೂಡಲೆ ಕಣ್ಣೆದುರು ಬರುವುದು ಬಿಳಿಜೋಳದ ರೊಟ್ಟಿ, ಕಾಳಪಲ್ಲೆ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇದೆಲ್ಲ ಅನಾದಿ ಕಾಲದ್ದು ಎಂದು ನಾವು ನಂಬಿರುತ್ತೇವೆ. ಆದರೆ ಒಂದೊಂದಕ್ಕೂ ಒಂದೊಂದು ಪ್ರಯಾಣವಿದೆ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಕಾಳುಗಳ ಪೈಕಿ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳು ಇಲ್ಲಿಯವೇ. ಜೋಳ, ಸಜ್ಜೆಗಳ ತವರು ಆಫ್ರಿಕಾ. ಅವು ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮ ನೆಲಕ್ಕೆ ಒಗ್ಗಿದವು. ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳು ಬರುವ ಮೊದಲು ಇಲ್ಲಿ ಯಾರೂ ಅವನ್ನು ಕಂಡಿರಲಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರ ಬರೆದಾಗಲೂ, ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭೋಜನವನ್ನು ವರ್ಣಿಸಿದಾಗಲೂ ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿಯಂಥವು. ಮಂಗಲೇಶನ ಕಾಲದ ಬುತ್ತಿಯಲ್ಲಿ ಹಿಂಡಿ ಇದ್ದಿದ್ದರೆ ಅದು ಎಳ್ಳಿನದೋ ಅಗಸಿಯದೋ ಆಗಿರಬೇಕು, ಶೇಂಗಾದ್ದಂತೂ ಅಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ‘ಹಿರಿಯರ ಊಟವೇ ಸರಿ, ಅದಕ್ಕೆ ಮರಳೋಣ’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಮರಳುವುದು ಯಾವ ಹಿರಿಯರ ಊಟಕ್ಕೆ? ಶೇಂಗಾ ಬಂದಾಗ ಅದನ್ನು ಕುಟ್ಟಿ ಹಿಂಡಿ ಮಾಡಿದವರೂ ಹಿರಿಯರೇ. ಬುತ್ತಿ ಉಳಿದದ್ದು ಬದಲಾಗದೆ ಇದ್ದುದರಿಂದಲ್ಲ. ಬಂದದ್ದನ್ನೆಲ್ಲ ತನ್ನ ಹದಕ್ಕೆ ಇಳಿಸಿಕೊಂಡಿದ್ದರಿಂದ.

ಆ ಹದ ಯಾವುದು? ಮೊದಲನೆಯದು ಕೆಡದಿರುವುದು. ಊಟ ಕೆಡಿಸುವುದು ನೀರಿನ ಪಸೆ. ಖಡಕ್ ರೊಟ್ಟಿಯಲ್ಲಿ ಪಸೆ ಇಲ್ಲ. ವಾರಗಟ್ಟಲೆ ಇಟ್ಟರೂ ಅದು ಇದ್ದಂತೆಯೇ ಇರುತ್ತದೆ. ಹಿಂಡಿ ಹುರಿದು ಕುಟ್ಟಿದ್ದು. ಮೊಸರು ಬುತ್ತಿಯದು ಇನ್ನೂ ಸೊಗಸಾದ ಲೆಕ್ಕ: ಬೆಳಗ್ಗೆ ಅನ್ನಕ್ಕೆ ಹಾಲನ್ನೇ ಹೆಚ್ಚು ಹಾಕಿ, ಮೊಸರನ್ನು ಹೆಪ್ಪಿಗೆ ಬೇಕಾದಷ್ಟು ಮಾತ್ರ ಕಲಸಿದರೆ ಅದು ದಾರಿಯಲ್ಲೇ ಹೆಪ್ಪಾಗುತ್ತ ಹೋಗಿ, ಉಣ್ಣುವ ಹೊತ್ತಿಗೆ ಹುಳಿಯಾಗದ ಮೊಸರನ್ನವಾಗಿರುತ್ತದೆ. ಎರಡನೆಯದು ಜೋಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರು ಇರುತ್ತದೆ. ಬಿಳಿ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಮಿಗಿಂತ ಕಡಿಮೆ. ಆದರೆ ಜೋಳ ಒಂದೇ ಸಾಲದು. ಅದರ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಆ ಕೊರತೆಯನ್ನು ಹೆಸರು, ಮಡಿಕೆ, ಅಲಸಂದಿಯಂಥ ಕಾಳುಗಳೂ ಮೊಸರೂ ತುಂಬುತ್ತವೆ. ಕೋಷ್ಟಕ ಓದದವರು ಕಟ್ಟಿದ ಬುತ್ತಿಯಲ್ಲಿ ಈ ಜೋಡಿ ತಪ್ಪಿರಲಿಲ್ಲ.

ಇದನ್ನು ಈಗಲೂ ಕಣ್ಣಾರೆ ನೋಡಬೇಕೆಂದರೆ ಮಹಾಕೂಟಕ್ಕೋ ಬನಶಂಕರಿಗೋ ಹೋಗಬೇಕು. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಹಿಂಡಿ, ಮೊಸರು ಹೊತ್ತು ತಂದು ಗುಡಿಯ ಹತ್ತಿರ ನೆರಳಿನಲ್ಲಿ ಕೂತಿರುತ್ತಾರೆ. ‘ಬರ್ರಿ ಯಣ್ಣಾ, ಊಟ ಮಾಡ್ರಿ’ ಎಂದು ಕರೆದು, ರೊಟ್ಟಿಯ ಮೇಲೆಯೇ ಪಲ್ಲೆ, ಹಿಂಡಿ ಹಾಕಿ ಕೊಡುತ್ತಾರೆ. ತನ್ನವರಿಗೆಂದು ಕಟ್ಟುತ್ತಿದ್ದ ಬುತ್ತಿ ಇಲ್ಲಿ ಪರಊರಿನವರ ಹಸಿವಿಗೆ ಒದಗುತ್ತದೆ; ಕಟ್ಟಿದವಳ ಕೈಗೆ ನಾಲ್ಕು ಕಾಸೂ ಬರುತ್ತದೆ.

ಬುತ್ತಿ ಡಬ್ಬಿಯಾದದ್ದು ಗಡಿಯಾರದ ಕಾಲದಲ್ಲಿ. 1884ರಲ್ಲಿ ಗದಗ–ಹೋಟಗಿ ರೈಲುದಾರಿ ಬಾದಾಮಿ, ಬಾಗಲಕೋಟೆಗಳನ್ನು ಹಾದು ಹೋಯಿತು. ಕಚೇರಿ, ಕೋರ್ಟು, ಶಾಲೆಗಳ ಕೆಲಸಕ್ಕೆ ಗೊತ್ತಾದ ವೇಳೆ ಬಂತು. ಹೊಲದವನು ಹಸಿವಾದಾಗ ಬದುವಿನ ಮೇಲೆ ಗಂಟು ಬಿಚ್ಚುತ್ತಿದ್ದ. ನೌಕರ ಬಿಡುವು ಸಿಕ್ಕಾಗ ಡಬ್ಬಿ ತೆರೆದ. ಮುಂಬಯಿಯಲ್ಲಿ 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಡಬ್ಬಾವಾಲಾಗಳ ವ್ಯವಸ್ಥೆ ಆರಂಭಿಸಿದರೆಂದು ಹೇಳುತ್ತಾರೆ. ಅಲ್ಲಿ ಊಟವೇ ರೈಲು ಹತ್ತಿ ಕಚೇರಿಗೆ ಹೋಗತೊಡಗಿತು. ನಮ್ಮಲ್ಲಿ ಆ ಕೆಲಸವನ್ನು ಕೆಂಪು ಬಸ್ಸು ಮಾಡಿತು. ಧಾರವಾಡ, ವಿಜಯಪುರಗಳಲ್ಲಿ ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ಬಸ್ಸಿನಲ್ಲಿ ಬುತ್ತಿ ಕಳಿಸುವುದು ಉತ್ತರ ಕರ್ನಾಟಕದ ಶಿಕ್ಷಣದ ಚರಿತ್ರೆಯ ಒಂದು ಅಧ್ಯಾಯ. ಎಷ್ಟೋ ಪದವಿಗಳು ಆ ರೊಟ್ಟಿಯ ಮೇಲೆ ನಿಂತಿವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ನವನಗರದ ಕಚೇರಿಗಳಿಗೆ ಹೋಗಿ ಬರುವವರ ಚೀಲದಲ್ಲೂ ಅದೇ ಡಬ್ಬಿ.

ಆದರೆ ಡಬ್ಬಿಯೊಳಗಿನದು ಬದಲಾಗಿದೆ. ಅವಸರಕ್ಕೆ ಚಿತ್ರಾನ್ನ, ಉಪ್ಪಿಟ್ಟು, ಬಿಳಿ ಅನ್ನ–ಸಾರು ಬಂದವು. ಕಾಳು ಹಿಂದೆ ಸರಿಯಿತು, ಹಸಿ ಸೊಪ್ಪು ಕಾಣೆಯಾಯಿತು. ಹೊಲದಲ್ಲಿ ದುಡಿದ ಮೈಗೆ ಬೇಕಾದಷ್ಟು ಅನ್ನ ಕುರ್ಚಿಯಲ್ಲಿ ಕೂತ ಮೈಗೆ ಬೇಡ. ಆದರೆ ಡಬ್ಬಿಯ ಅಳತೆ ಮಾತ್ರ ಹಳೆಯದೇ ಉಳಿದಿದೆ.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಹಳೆಯ ಬುತ್ತಿಗೆ ಜಾತಿಯ ಗಂಟೂ ಇತ್ತು. ಬೇರೆಯವರ ಮನೆಯ ನೀರು ಮುಟ್ಟಬಾರದೆಂದು ಬುತ್ತಿ ಕಟ್ಟಿಕೊಂಡವರು ಎಷ್ಟೋ ಜನ. ಇದೇ ಜಿಲ್ಲೆಯ ಕೂಡಲಸಂಗಮದ ನೆನಪು ಇಲ್ಲಿ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಮುಂದಿಟ್ಟಾಗ ಅವರು ಬಿಚ್ಚಲು ಹೊರಟದ್ದು ಈ ಗಂಟನ್ನೂ. ಪಂಚಮಿಯ ಮುನ್ನ ಬರುವ ರೊಟ್ಟಿ ಹಬ್ಬದಲ್ಲಿ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬಗೆಬಗೆಯ ಪಲ್ಲೆ ಓಣಿಯ ಮನೆಮನೆಗೆ ಹೋಗಿ, ಅಲ್ಲಿಂದ ಬೇರೆ ರೊಟ್ಟಿ ತಿರುಗಿ ಬರುತ್ತದೆ. ಆಫೀಸಿನ ಊಟದ ಮೇಜಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ನಾಲ್ಕು ಡಬ್ಬಿ ನಡುವೆ ಇಟ್ಟು ಉಂಡರೆ ಒಬ್ಬೊಬ್ಬರಿಗೂ ನಾಲ್ಕು ಪಲ್ಲೆ ಸಿಗುತ್ತದೆ. ರುಚಿ ಹೆಚ್ಚುವುದೂ, ತಿನ್ನುವ ಬಗೆ ಹೆಚ್ಚುವುದೂ, ಒಬ್ಬರ ಎಂಜಲು–ಮುಸುರೆಯ ಲೆಕ್ಕ ಸಡಿಲಾಗುವುದೂ ಒಟ್ಟಿಗೇ ಆಗುತ್ತವೆ.

ಕೊನೆಯದಾಗಿ, ಡಬ್ಬಿ ಕಟ್ಟುವವರು ಯಾರು? ಮಂಗಲೇಶನ ಶಾಸನ ಉಂಡವರನ್ನು ಎಣಿಸಿತು. ಬೇಯಿಸಿದವರ ಸುಳಿವು ಅದರಲ್ಲಿಲ್ಲ. ಇಂದಿನ ‘ಆರೋಗ್ಯಕರ ಡಬ್ಬಿ’ಯ ಮಾತುಗಳಲ್ಲೂ ನಸುಕಿಗೆ ಎದ್ದು ರೊಟ್ಟಿ ಬಡಿಯುವವಳು ಹಾಗೆಯೇ ಕಾಣೆಯಾಗುತ್ತಾಳೆ. ಅವಳೂ ಅದೇ ಹೊತ್ತಿಗೆ ಕಚೇರಿಗೆ ಹೊರಡಬೇಕಾಗಿದ್ದರಂತೂ, ಇನ್ನೊಂದು ಪಲ್ಲೆ ಹೆಚ್ಚಿಸಿ ಎನ್ನುವ ಸಲಹೆ ಇನ್ನೊಂದು ತಾಸು ದುಡಿಯಿರಿ ಎಂಬ ಅಪ್ಪಣೆಯಾಗುತ್ತದೆ.

ಇದಕ್ಕೂ ಬುತ್ತಿಯ ಚರಿತ್ರೆಯಲ್ಲೇ ದಾರಿ ಇದೆ. ಖಡಕ್ ರೊಟ್ಟಿಯನ್ನು ದಿನಾ ಬಡಿಯಬೇಕಿಲ್ಲ. ಅದನ್ನೇ ಕಸುಬು ಮಾಡಿಕೊಂಡ ಹೆಣ್ಣುಮಕ್ಕಳಿಂದ ವಾರಕ್ಕೊಮ್ಮೆ ಕೊಳ್ಳಬಹುದು. ಅಗಸಿ, ಗುರೆಳ್ಳು, ಶೇಂಗಾ ಹಿಂಡಿಯನ್ನು ರವಿವಾರ ಮಾಡಿಟ್ಟರೆ ಆಯಿತು, ಉಪ್ಪು ಮಾತ್ರ ಹಿಡಿತದಲ್ಲಿರಲಿ. ಮೊಳಕೆಕಾಳಿಗೆ ಒಗ್ಗರಣೆ ಕೊಡಲು ಹತ್ತು ನಿಮಿಷ ಸಾಕು. ಮೆಂತ್ಯ, ಹಕ್ಕರಕಿ, ಮೂಲಂಗಿ, ಸೌತೆಕಾಯಿಗೆ ಒಲೆಯೇ ಬೇಡ, ತೊಳೆದು ಹಾಕಿಕೊಂಡರಾಯಿತು. ಇವುಗಳಲ್ಲಿ ಯಾವುದೂ ಗಂಡಸರ ಕೈಗೆ ಬಾರದ ಕೆಲಸವಲ್ಲ. ಹೊಲಕ್ಕೆ ಬುತ್ತಿ ಹೊತ್ತು ಹೋದವಳ ಹಾಡು ನಮ್ಮಲ್ಲಿ ಬೇಕಾದಷ್ಟಿವೆ. ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು, ಅವಳದನ್ನೂ ಕಟ್ಟಿಕೊಟ್ಟವನ ಹಾಡು ಇನ್ನು ಹುಟ್ಟಬೇಕು.