ಗುಟ್ಟಿನ ಪ್ಲೇಟೆಸ್ಟ್

ಇನ್ನೂ ಘೋಷಣೆಯಾಗದ ವಿಡಿಯೋ ಗೇಮನ್ನು ಹೊರಗಿನ ಆಟಗಾರರಿಗೆ ಕೊಟ್ಟು, ಬಾಯಿ ಬಿಡಬಾರದೆಂಬ ಕರಾರಿನ ಮೇಲೆ ಆಡಿಸಿ ನೋಡುವ ಕ್ರಮ. ದೋಷ ಹುಡುಕಲು ಸಂಬಳದ ಪರೀಕ್ಷಕರಿರುತ್ತಾರೆ. ಸ್ವಯಂಸೇವಕರಿಂದ ತಿಳಿಯಬೇಕಾದ್ದು ಆಟ ಎಲ್ಲಿ ಬೇಸರ ತರಿಸುತ್ತದೆ, ಸರ್ವರ್ ಎಷ್ಟು ಜನರನ್ನು ತಾಳುತ್ತದೆ ಎಂಬುದು. ಆಯ್ಕೆಗೆ ಸಾಮಾನ್ಯವಾಗಿ ವಯಸ್ಸು, ದೇಶ, ಬಳಸುವ ಯಂತ್ರ, ಹಿಂದೆ ಆಡಿದ ಗೇಮ್‌ಗಳ ಬಗ್ಗೆ ಪ್ರಶ್ನಾವಳಿಯಿರುತ್ತದೆ. ಗೇಮಿನ ಹೆಸರೊಂದು ಅದರಲ್ಲಿ ಇರುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ನಿಂಟೆಂಡೊ ಇಂಥ ಪರೀಕ್ಷೆಗೆ ಬಹಿರಂಗವಾಗಿಯೇ ಅರ್ಜಿ ಕರೆಯಿತು. ತನ್ನ ಸ್ವಿಚ್ ಆನ್‌ಲೈನ್ ಸೇವೆಯ ದುಬಾರಿ ಚಂದಾ ಕಟ್ಟಿದ, 18 ತುಂಬಿದವರಲ್ಲಿ ಹೆಚ್ಚೆಂದರೆ 10,000 ಮಂದಿಗೆ ಅವಕಾಶ. ಜಪಾನಿನಲ್ಲಿ ಲಾಟರಿ, ಉಳಿದೆಡೆ ಮೊದಲು ಬಂದವರಿಗೆ ಮಣೆ. ವಿವರ ಹಂಚಬಾರದೆಂಬ ಷರತ್ತಿದ್ದರೂ ಚಿತ್ರಗಳು ಬೇಗನೆ ಹೊರಬಿದ್ದವು.

ಅದೇ ವರ್ಷ ವಾಲ್ವ್ ಕಂಪನಿಯ ‘ಡೆಡ್‌ಲಾಕ್’ ಗೇಮಿಗೆ ಆಡುತ್ತಿದ್ದವರೇ ಗೆಳೆಯರನ್ನು ಕರೆತರುತ್ತಿದ್ದರು. ಸಹಿ ಹಾಕಿಸುವ ಒಪ್ಪಂದವಿರಲಿಲ್ಲ, ಯಾರಿಗೂ ಹೇಳಬೇಡಿ ಎಂದು ಪರದೆಯ ಮೇಲೊಂದು ಕೋರಿಕೆ ಅಷ್ಟೇ. ಸಾವಿರಾರು ಜನ ಏಕಕಾಲಕ್ಕೆ ಆಡುವುದು ಅದೆಂಥ ಗುಟ್ಟೋ! ಆಗಸ್ಟ್‌ನಲ್ಲಿ ಸುದ್ದಿತಾಣ ‘ದಿ ವರ್ಜ್’ ಅದರ ಬಗ್ಗೆ ಬರೆಯಿತು. ಬರೆದ ಪತ್ರಕರ್ತನನ್ನು ಪಂದ್ಯಗಳಿಗೆ ಸೇರದಂತೆ ತಡೆಯಲಾಯಿತು. ಆ ತಿಂಗಳು 23ರಂದು ವಾಲ್ವ್ ತಾನೇ ತನ್ನ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮಿನ ಪುಟ ತೆರೆಯಿತು.